ಕತ್ತೆಹಳ್ಳದಲ್ಲಿ ಬೀಳದ ಗೇರು

ದನಿ ಸ್ವಲ್ಪ ತಗ್ಗಿಸಿ. ಆ ಕಡೆ ಜೋಲಿಯಲ್ಲಿ ದೊಡ್ಡಮ್ಮ ಮಲಗಿದಾಳೆ... ನಿದ್ದೆ ಅಂತೇನೂ ಇಲ್ಲ ಅವಳಿಗೆ, ಕಣ್ಣು ಮುಚ್ಚಿಕೊಂಡಿರ್ತಾಳೆ ಅಷ್ಟೆ. ಅವಳ ಎದುರು ಈ ಮಾತು ಎತ್ತೋ ಹಾಗಿಲ್ಲ. ಸತ್ತವಳ ಹೆಸರಂತೂ ಬೇಡವೇ ಬೇಡ. ಸತ್ತ ಮಗಳ ಹೆಸರು ಹೆತ್ತವಳ ಕಿವಿಗೆ ಬೀಳೋದೂ ಒಂದೇ, ಕೆನ್ನೆಗೆ ಹೊಡೆಯೋದೂ ಒಂದೇ. ಅದಕ್ಕೇ ನಾನು 'ಅವಳು' ಅಂತೀನಿ. ನೀವೂ ಹಾಗೇ ಅನ್ನಿ.

ನೀವು ಬೆಳಗ್ಗೆ ಎದ್ದು ಉರಿಬಿಯಾ ಪೇಟೆಗೆ ಹೊರಡೋರು. ಕತ್ತೆಹಳ್ಳ ದಾಟದೆ ಉರಿಬಿಯಾ ಇಲ್ಲ. ಹೆದರಿಸೋಕೆ ಹೇಳ್ತಿಲ್ಲ. ಗೊತ್ತಿರಲಿ ಅಂತ.

ಎಲಾದಿಯೊ ಇದಾನಲ್ಲ, ನನ್ನ ದೊಡ್ಡಮ್ಮನ ಮಗ. ರಸ್ತೆ ಬದಿ ಶೆಡ್ಡು, ಗಾಡಿ ರಿಪೇರಿ. ಅವರಪ್ಪನ ಕಾಲದಿಂದ ಅದೇ ಕೆಲಸ. ದಿನವಿಡೀ ಬೇರೆಯವರ ಗಾಡಿ ಕೆಳಗೆ ಬಿದ್ದಿರ್ತೀನಿ, ಮನೆಗಾದ್ರೂ ಕಾಲಲ್ಲಿ ಹೋಗ್ತೀನಿ ಅಂತ ಸಂಜೆ ನಡೆದೇ ಬರ್ತಾನೆ. ಅವತ್ತು ಸ್ವಲ್ಪ ತಡವಾಯ್ತು. ಮಧ್ಯಾಹ್ನ ಒಂದು ಸುಳ್ಳುಮಳೆ ಬಂದು ನಿಂತಿತ್ತು. ಕತ್ತಲಾಗಿತ್ತು. ಗಾಳಿಯಂತ್ರದ ಬಾವಿ ಹತ್ರ ಬಂದ.

ಆ ಬಾವಿ ಸದ್ದು ನಿಮಗೂ ಗೊತ್ತು. ಮೇಲೆ ತಗಡಿನ ರೆಕ್ಕೆ ತಿರುಗುತ್ತೆ... ಕಿರ್ರ್... ಕೊಟಕ್. ಕಿರ್ರ್... ಕೊಟಕ್. ಹುಟ್ಟಿದಾಗಿಂದ ಕೇಳಿದ ಸದ್ದು, ಕೇಳಿಸಿದ್ದೇ ಗೊತ್ತಾಗಲ್ಲ. ಅವತ್ತು ಗೊತ್ತಾಯ್ತು ಅವನಿಗೆ, ಯಾಕಂದ್ರೆ ಅದು ಇರಲಿಲ್ಲ. ಗಾಳಿ ಪೂರ್ತಿ ಬಿದ್ದುಹೋಗಿತ್ತು. ರೆಕ್ಕೆ ಅಲ್ಲಾಡ್ತಿರಲಿಲ್ಲ. ಆಡುಗಳೂ ಸುಮ್ಮನಿದ್ವು.

ಆಗ ಇನ್ನೊಂದು ಸದ್ದು...

ಗರ್ರ್ರ್... ಕರಕರಕರ... ಕಟ್.

ಕಬ್ಬಿಣದ ಹಲ್ಲು ಹಲ್ಲಿಗೆ ಸಿಗದೆ ಉಜ್ಜೋ ಸದ್ದು. ಕತ್ತೆಹಳ್ಳದ ಕಡೆಯಿಂದ.

ಯಾವ ಪುಣ್ಯಾತ್ಮ ಗೇರು ಪೆಟ್ಟಿಗೆ ಪುಡಿ ಮಾಡ್ತಿದಾನಪ್ಪ ಅಂದ್ಕೊಂಡು ಎಲಾದಿಯೊ ಆ ಕಡೆ ತಿರುಗಿದ. ಜಾಲಿಮರಗಳ ಸಂದಿಯಲ್ಲಿ ದೀಪ ಕಾಣಿಸ್ತು. ದೊಡ್ಡ ಗಾಡಿ, ಹಿಂದಿನ ಗಾಲಿ ಅರ್ಧ ಕೆಸರಲ್ಲಿ. ಎಂಜಿನ್ ಕಿರುಚ್ತಿದೆ. ಗಾಲಿ ನಿಂತಲ್ಲೇ ತಿರುಗ್ತಿದೆ... ಚರ್‍ರ್ ಅಂತ ಕೆಸರು ಹಾರ್ತಿದೆ. ಮತ್ತೆ ಗರ್ರ್ರ್. ಮತ್ತೆ ಕಟ್. ಅದರ ಮಧ್ಯೆ ಒಂದು ಹೆಣ್ಣಿನ ದನಿ. ಸಣ್ಣಗೆ. ಉಸಿರು ಎಳ್ಕೊಂಡು.

“ನಿಲ್ಸು... ಪೂರ್ತಿ ನಿಲ್ಸು...”

ಗಾಡಿ ಯಾರದು ಅಂತ ಆಗ ಗೊತ್ತಾಯ್ತು. ಸೆವೆರೊದು. ಸೆವೆರೊ ಅಂದ್ರೆ 'ಅವಳ' ಗಂಡ. ಎಲಾದಿಯೊಗೆ ತಂಗಿ ಗಂಡ. ಅವಳು ಹೋಗಿ ವರ್ಷ ತುಂಬೋದ್ರಲ್ಲಿತ್ತು. ಇಷ್ಟು ಬೇಗ ಇನ್ನೊಬ್ಬಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡ್ತಿದಾನಲ್ಲ ಅಂದ್ಕೊಂಡ ಎಲಾದಿಯೊ.

“ಏನ್ ಸೆವೆರೊ,” ಅಂದ, ಬಾಗಿಲಿಗೆ ಕೈಯಿಟ್ಟು. “ಜೊತೆಗೆ ಯಾರೋ ಇದಾರಲ್ಲ? ಅವಳ ಮಾತಾದ್ರೂ ಕೇಳಪ್ಪ. ನಿನಗಿಂತ ಚೆನ್ನಾಗಿ ಗೊತ್ತಿದೆ ಅವಳಿಗೆ.”

ಸೆವೆರೊ ಬೆವತಿದ್ದ. “ಯಾರು ಭಾವ?”

ಎಲಾದಿಯೊ ಟಾರ್ಚು ಹಾಕಿದ. ಪಕ್ಕದ ಸೀಟು... ಖಾಲಿ. ಹಿಂದಿನ ಸೀಟು... ಮೀನಿನ ಬುಟ್ಟಿ. ಅಷ್ಟೇ.

ಟಾರ್ಚು ಆರಿಸಿದ. “ಇಳಿ,” ಅಂದ. ತಾನು ಕೂತ.

ನೀವೂ ಇಂಥ ಗಾಡಿ ಓಡಿಸೋರು, ನಿಮಗೆ ಗೊತ್ತಿರೋದೇ. ಎರಡು ಲಿವರ್. ದೊಡ್ಡದು ಮಾಮೂಲಿ ಗೇರಿಗೆ. ಚಿಕ್ಕದು ನಾಲ್ಕೂ ಗಾಲಿಗೆ ಬಲ ಹಂಚೋ ಪೆಟ್ಟಿಗೆಗೆ. ಮರಳಲ್ಲಿ ಓಡ್ತಾ ಓಡ್ತಾ ನಾಲ್ಕು ಗಾಲಿ ಹಾಕ್ಬೋದು. ಆದ್ರೆ ಅದರ ಕೆಳಗಿನ ಗೇರು, ಹೂತ ಗಾಡಿ ಕೀಳೋ ನಿಧಾನದ ಗೇರು... ಅದಕ್ಕೆ ಗಾಡಿ ನಿಲ್ಲಬೇಕು. ಆಕ್ಸಿಲರೇಟರಿಂದ ಕಾಲು ಎತ್ತಬೇಕು. ನ್ಯೂಟ್ರಲ್‌ಗೆ ತರಬೇಕು. ಬಿಗಿದಿದ್ರೆ ಗಾಡಿನ ಒಂದು ಗೇಣು ಹಿಂದಕ್ಕೆ ಬಿಟ್ಟು, ಸಡಿಲ ಆದ್ಮೇಲೆ ಹಾಕಬೇಕು. ಗಾಲಿ ತಿರುಗ್ತಿರೋವಾಗ ಜಗ್ಗಿದ್ರೆ ದೇವರು ಬಂದು ಜಗ್ಗಿದ್ರೂ ಬೀಳಲ್ಲ.

ಎಲಾದಿಯೊ ನಿಲ್ಲಿಸಿದ. ಒಂದು ಉಸಿರು ಕಾದ. ಚಿಕ್ಕ ಲಿವರ್ ತಂದ.

ಟಕ್.

ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಗಾಡಿ ಗುರುಗುಟ್ಟಿಕೊಂಡು ದಡ ಹತ್ತಿತು.

ಸೆವೆರೊ ಕೆಸರಲ್ಲೇ ನಿಂತಿದ್ದ. “ನಿನ್ನ ಕೈಲಿ ಬೀಳುತ್ತೆ,” ಅಂದ. “ಎಲ್ಲರ ಕೈಲೂ ಬೀಳುತ್ತೆ. ನನ್ನ ಕೈಲೂ ಬೀಳುತ್ತೆ, ಬೇರೆ ಕಡೆ. ಇಲ್ಲಿ ಮಾತ್ರ...”

ಗಾಲಿ ಕೊರೆದ ಗುಂಡಿ ತೋರಿಸಿದ.

ಅಲ್ಲೇ ಅವಳು ಹೋದದ್ದು. ಅದೇ ಹಳ್ಳದಲ್ಲಿ, ಅದೇ ಗಾಡಿಯಲ್ಲಿ. ಹೊಟ್ಟೆನೋವು ಅಂತ ಬೆಳಗಿಂದ ಒದ್ದಾಡ್ತಿದ್ಲು. ನಾವೆಲ್ಲ ಸೊಪ್ಪಿನ ಕಷಾಯ ಕುಡಿಸಿದ್ವಿ. ಸಂಜೆಗೆ ಜ್ವರ ಏರ್ತು. ಸೆವೆರೊ ಅವಳನ್ನ ಎತ್ತಿ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೊರಟ. ಮಳೆ ಹುಯ್ಯುತ್ತಿತ್ತು. ಕತ್ತೆಹಳ್ಳದಲ್ಲಿ ಗಾಡಿ ಹೂತ್ಕೊಳ್ತು. ಗೇರು ಬೀಳಲಿಲ್ಲ. ಬೆಳಕು ಹರಿಯೋವರೆಗೂ ಬೀಳಲಿಲ್ಲ. ಬೆಳಗ್ಗೆ ಒಂದು ಲಾರಿ ಬಂದು ಎಳೆದಾಗ ಅವಳು ಕಿಟಕಿಗೆ ತಲೆ ಆನಿಸಿಕೊಂಡಿದ್ಲು. ನಿದ್ದೆ ಮಾಡ್ತಿದಾಳೆ ಅಂದ್ಕೊಂಡ್ರಂತೆ ಲಾರಿಯವರು.

ಅಪೆಂಡಿಕ್ಸ್ ಒಡೆದಿತ್ತು ಅಂದ್ರು ಡಾಕ್ಟ್ರು. ಒಂದಿಷ್ಟು ಮುಂಚೆ ಬಂದಿದ್ರೆ ಅಂದ್ರು.

ಆವತ್ತಿಂದ ಸೆವೆರೊ ಆ ಪೆಟ್ಟಿಗೆ ಹಿಂದೆ ಬಿದ್ದ. ಮೈಕಾವೊ ಪೇಟೆಗೆ ಒಯ್ದು ಬಿಚ್ಚಿಸಿದ. ಸರಿಯಾಗಿದೆ ಅಂದ್ರು. ರಿಯೊಹಾಚಾಗೆ ಒಯ್ದ. ಅಲ್ಲೂ ಅದೇ. ಎಲಾದಿಯೊ ಹತ್ರ ಮಾತ್ರ ತಂದಿರಲಿಲ್ಲ. ಅವಳ ಅಣ್ಣನ ಮುಖ ಹೇಗೆ ನೋಡೋದು? ಕೆಟ್ಟ ಗಾಡಿಯಲ್ಲಿ ನಿನ್ನ ತಂಗಿನ ಕೂರಿಸಿದೆ ಅಂತ ಯಾವ ಬಾಯಲ್ಲಿ ಹೇಳೋದು?

ಆ ರಾತ್ರಿ ಕೇಳಿದ. “ಒಂದ್ಸಲ ನೋಡು ಭಾವ. ಏನು ಕೆಟ್ಟಿದೆ ಅಂತ ಹೇಳ್ಬಿಡು. ಗೊತ್ತಾದ್ರೆ ಸಾಕು ನನಗೆ.”

ಎಲಾದಿಯೊ ನೋಡಿದ. ಮುಂದಿನ ಗಾಲಿಗೆ ಬಲ ಕೂಡಿಸೋ ಬೀಗ ಬಿಚ್ಚಿ ತೊಳೆದ, ಗ್ರೀಸು ಹಾಕಿದ. ಲಿವರಿನ ಕಡ್ಡಿ, ಬುಷ್ಷು, ಒಂದೊಂದನ್ನೇ ಅಲ್ಲಾಡಿಸಿ ನೋಡಿದ. ಎಣ್ಣೆ ಇಳಿಸಿ ಹೊಸದು ತುಂಬಿದ. ಪೆಟ್ಟಿಗೆ ಬಿಚ್ಚಿ ಒಳಗಿನ ಗೇರು ಸರಿಸೋ ಕವೆ ತೆಗೆದು ಬೆಳಕಿಗೆ ಹಿಡಿದ. ಹಳೇ ಗಾಡಿಯಲ್ಲಿ ಎಷ್ಟು ಸವೆದಿರಬೇಕೋ ಅಷ್ಟು ಸವೆದಿತ್ತು. ಕೆಟ್ಟದ್ದು ಏನೂ ಇರಲಿಲ್ಲ. ಶೆಡ್ಡಿನ ಹಿಂದೆ ಮರಳಲ್ಲಿ ಬೇಕಂತ ಹೂತು ಹಾಕಿ ನೋಡಿದ. ಟಕ್. ಪ್ರತಿ ಸಲ ಟಕ್.

“ನೀನು ಓಡಿಸು,” ಅಂದ ಸೆವೆರೊಗೆ. “ನಾನು ಪಕ್ಕದಲ್ಲಿ ಕೂರ್ತೀನಿ.”

ಹಾಡುಹಗಲು. ನೆತ್ತಿ ಮೇಲೆ ಬಿಸಿಲು. ದಾರಿಯಲ್ಲಿ ಸೆವೆರೊ ಚೆನ್ನಾಗೇ ಓಡಿಸಿದ. ಕತ್ತೆಹಳ್ಳ ಕಂಡ್ತು ನೋಡಿ... ಅವನ ದವಡೆ ಬಿಗೀತು. ಗಾಡಿ ಮರಳಿಗೆ ಇಳೀತು. ಗಾಲಿ ಸ್ವಲ್ಪ ಜಾರ್ತು, ಅಷ್ಟೇ. ಅಷ್ಟಕ್ಕೇ ಅವನ ಕಾಲು ಪೆಡಲ್ ಮೇಲೆ ಪೂರ್ತಿ ಇಳಿದೋಯ್ತು. ನಿಂತ್ರೆ ಮುಳುಗಿಬಿಡ್ತೀವಿ ಅನ್ನೋ ಹಾಗೆ. ಕೈ ಚಿಕ್ಕ ಲಿವರ್ ಜಗ್ತಿದೆ. ಗರ್ರ್ರ್... ಕರಕರ... ಕಟ್. ಅವನಿಗೆ ಗೊತ್ತೇ ಇಲ್ಲ ತಾನು ಏನು ಮಾಡ್ತಿದೀನಿ ಅಂತ. ಕಣ್ಣು ಎಲ್ಲೋ ಇತ್ತು.

ಎಲಾದಿಯೊ ಬಾಯಿ ತೆಗೆಯೋದ್ರಲ್ಲಿದ್ದ, ನಿಲ್ಸೋ ಅಂತ.

ಅವನಿಗಿಂತ ಮುಂಚೆ ಬೇರೆ ಯಾರೋ ಅಂದ್ರು.

ಅವನ ಕಿವಿ ಹತ್ರ. ಅವನು ಕೂತ ಸೀಟಿಂದಲೇ.

“ನಿಲ್ಸು... ಕಾಲೆತ್ತು... ನ್ಯೂಟ್ರಲ್‌ಗೆ ತಾ... ಒಂದು ಗೇಣು ಹಿಂದಕ್ಕೆ ಬಿಡು... ಹಾಂ... ಈಗ...”

ಮಾತಿನ ಮಧ್ಯೆ ಹಲ್ಲು ಕಚ್ಚಿ ನೋವು ನುಂಗ್ಕೊಳ್ಳೋದೂ ಕೇಳಿಸ್ತು. ಸ್ಸ್... ಅಂತ.

'ಒಂದು ಗೇಣು.' ಅದು ಅವರಪ್ಪನ ಮಾತು. ಅಪ್ಪ ಶೆಡ್ಡಲ್ಲಿ ಮಕ್ಕಳಿಗೆ ಹೇಳ್ತಿದ್ದದ್ದು. ಆಗ ಹಾಗೆ ಅನ್ನೋರು ಇಬ್ಬರೇ, ಎಲಾದಿಯೊ ಮತ್ತೆ ಅವಳು. ಅವಳು ಚಿಕ್ಕಂದಿನಿಂದ ಪಾನಾ ಹಿಡಿದು ಬೆಳೆದವಳು. ಅಂಗಿ ತುಂಬ ಗ್ರೀಸು ಮಾಡ್ಕೊಂಡು ಬಂದು ದೊಡ್ಡಮ್ಮನ ಹತ್ರ ಬೈಸಿಕೊಳ್ತಿದ್ಲು. ನಿನ್ನ ಯಾವನು ಕಟ್ಕೊಳ್ತಾನೆ, ಮೈಯೆಲ್ಲ ಡೀಸೆಲ್ ವಾಸನೆ ಅಂತ ನಾವೇ ಆಡ್ಕೊಳ್ತಿದ್ವಿ.

ಎಲಾದಿಯೊ ಬಾಗಿಲು ತೆಗೆದು ಇಳಿದ. ಮರಳಲ್ಲಿ ಕೂತುಬಿಟ್ಟ.

“ಏನಾಯ್ತು ಭಾವ?”

“ತಲೆ ಸುತ್ತು. ಬಿಸಿಲು.”

“ಕಂಡ್ಯಾ? ಕಂಡ್ಯಾ ಹೇಗೆ ಮಾಡುತ್ತೆ ಅಂತ?”

“ಕಂಡೆ,” ಅಂದ ಎಲಾದಿಯೊ.

ಸಂಜೆ ನಮ್ಮನೆಗೆ ಬಂದ. ಈ ಚಪ್ಪರದ ಕೆಳಗೇ, ನೀವು ಕೂತಿದೀರಲ್ಲ, ಅಲ್ಲೇ ಕೂತ. ಆಡಿನ ಸಾರು ಇಟ್ಟೆ, ಮುಟ್ಟಲಿಲ್ಲ. ರೊಟ್ಟಿ ಚೂರು ಚೂರು ಮಾಡಿ ನಾಯಿಗೆ ಹಾಕ್ತಿದ್ದ. ಆಮೇಲೆ ಹೇಳಿದ. ಎಲ್ಲಾ.

“ಗಾಡಿ ಕೆಟ್ಟಿಲ್ಲ ಕಣೇ. ಯಾವತ್ತೂ ಕೆಟ್ಟಿರಲಿಲ್ಲ. ಅವತ್ತು ರಾತ್ರಿನೂ ಕೆಟ್ಟಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಹೇಳ್ತಾ ಇದ್ಲು. ಅಷ್ಟು ನೋವಲ್ಲೂ ಹೇಳ್ತಾ ಇದ್ಲು. ಇವನು ಕೇಳಲಿಲ್ಲ.”

“ಈಗೇನ್ ಮಾಡ್ತೀಯ?”

“ಗೊತ್ತಿಲ್ಲ.”

“ಮಾವಂದಿರಿಗೆ ಗೊತ್ತಾದ್ರೆ?”

ನಮ್ಮ ಅಮ್ಮಂದಿರ ಅಣ್ಣತಮ್ಮಂದಿರು, ಆ ಮಾವಂದಿರಿಗೆ ಗೊತ್ತಾದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಎರಡು ಮನೆ ಮಧ್ಯೆ ತೀರ್ಮಾನ ಮಾತಾಡೋ ಮಾತುಗಾರನ್ನ ಕಳಿಸ್ತಾರೆ. ನಮ್ಮ ಹುಡುಗಿ ಸಾವಿಗೆ ಏನು ಹೇಳ್ತೀಯಪ್ಪ ಅಂತ ಕೇಳಿಸ್ತಾರೆ. ಎರಡು ಮನೆ ಜಗಳ ಎಷ್ಟು ವರ್ಷ ಹೋಗುತ್ತೋ, ಯಾರ ಮೇಲೆ ಹೋಗುತ್ತೋ.

“ಅದೂ ಅಲ್ಲ,” ಅಂದ ಕೊನೆಗೆ. “ಹೇಳಿದ್ರೆ ಅವನು ಬದುಕಲ್ಲ. ಅವಳನ್ನ ಅವನು ಹೇಗೆ ನೋಡ್ಕೊಂಡಿದ್ದ ಅಂತ ನಾನು ಕಣ್ಣಾರೆ ಕಂಡಿದೀನಿ.”

ಅದು ನಿಜ. ನೀರು ತರೋಕೂ ಬಿಡ್ತಿರಲಿಲ್ಲ ಅವಳನ್ನ. ತಾನೇ ಕತ್ತೆ ಹೊಡ್ಕೊಂಡು ಬಾವಿಗೆ ಹೋಗ್ತಿದ್ದ, ಗಂಡಸರೆಲ್ಲ ನಗ್ತಿದ್ರು.

ಹಾಗಾಗಿ ಎಲಾದಿಯೊ ಸುಳ್ಳು ಹೇಳಿದ. ಗುಜರಿಯಿಂದ ಒಂದು ಸೊಟ್ಟ ಕವೆ ಹುಡುಕಿದ, ಯಾವುದೋ ಸತ್ತ ಗಾಡಿಯದ್ದು. ಎಣ್ಣೆ ಬಳಿದು ಸೆವೆರೊ ಕೈಯಲ್ಲಿಟ್ಟ. “ಇದೇ ನೋಡು. ಬಗ್ಗಿತ್ತು. ಬಿಸಿಯಾದಾಗ ಸಿಕ್ಕಿಹಾಕ್ಕೊಳ್ತಿತ್ತು. ಯಾರಿಗೂ ಸಿಗ್ತಿರಲಿಲ್ಲ ಇದು. ಬೇರೆ ಹಾಕಿದೀನಿ.”

ಸೆವೆರೊ ಆ ಕಬ್ಬಿಣ ಎದೆಗೆ ಅಪ್ಪಿಕೊಂಡು ಅತ್ತ ಅಳು... ಅಯ್ಯೋ, ಶೆಡ್ಡಿಗೆ ಬಂದಿದ್ದವರೆಲ್ಲ ಆ ಕಡೆ ತಿರುಗ್ಕೊಂಡ್ರು. ಎಲಾದಿಯೊ ಕೈಗೆ ಮುತ್ತಿಟ್ಟ. “ಹಾಗಾದ್ರೆ ನನ್ನ ಕೈಲಿ ಏನೂ ಇರಲಿಲ್ಲ ಅಲ್ವಾ ಭಾವ? ಯಾರಿದ್ರೂ ಅಷ್ಟೇ ಅಲ್ವಾ?”

“ಯಾರಿದ್ರೂ ಅಷ್ಟೇ.”

ಅವತ್ತು ಸೆವೆರೊ ದೊಡ್ಡಮ್ಮನ ಮನೆಗೆ ಬಂದ, ವರ್ಷದಲ್ಲಿ ಮೊದಲ ಸಲ. ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಲು. ಮಾತಾಡಲಿಲ್ಲ, ಆದ್ರೆ ಕೊಟ್ಲು. ಅವನು ಜೋಲಿಯಲ್ಲಿ ಬಿದ್ದವನು ಮಾರನೇ ದಿನ ಬಿಸಿಲೇರೋವರೆಗೂ ಎದ್ದಿಲ್ಲ. ನೋಡಿ, ಸುಳ್ಳು ಕೂಡ ಒಂದೊಂದ್ಸಲ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ.

ಆಮೇಲೆ ನಿಜವಾದ ಮಳೆಗಾಲ ಬಂತು.

ಸೆವೆರೊ ಮತ್ತೆ ಬಾಡಿಗೆ ಹೊಡೀತಿದ್ದ. ಕಡಲ ದಂಡೆಯ ಪುಯೆರ್ತೊ ಎಸ್ತ್ರೆಯಾ ಕಡೆಯಿಂದ ಜನ, ಆಡು, ಮೀನು ಹೇರ್ಕೊಂಡು ಉರಿಬಿಯಾಗೆ. ಒಂದು ಸಂಜೆ ಹಿಂದೆ ತುಂಬ ಜನ. ಮುಂದಿನ ಸೀಟಲ್ಲಿ ಜೋಳದ ಹಿಟ್ಟಿನ ಮೂಟೆ. ಕತ್ತೆಹಳ್ಳದ ಮಧ್ಯಕ್ಕೆ ಬಂದಾಗ ಮೇಲಿಂದ ನೀರು ಬಂತು. ಗಾಡಿ ಕೂತ್ಕೊಳ್ತು. ಗರ್ರ್ರ್... ಕರಕರ... ಕಟ್. ನೀರು ಬಾಗಿಲಿಗೆ ಬಂತು. ಜನ ಕೂಗ್ಕೊಂಡ್ರು, ಒಬ್ಬರ ಕೈ ಒಬ್ಬರು ಹಿಡಿದು ದಡಕ್ಕೆ ಬಿದ್ರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ದಡದಲ್ಲಿ ನಡುಗ್ತಾ ಕೂತಿದ್ದ ಒಬ್ಬ ಮುದುಕಿ ಸೆವೆರೊಗೆ ಸರಿಯಾಗಿ ಬೈದ್ಲು. ದೂರದ ಊರಿನವಳು, ಏನೂ ಗೊತ್ತಿಲ್ಲ ಅವಳಿಗೆ.

“ನಿನಗೆ ಕಿವಿ ಇಲ್ವೇನೋ? ಆ ಹುಡುಗಿ ಎಷ್ಟು ಹೊತ್ತಿಂದ ಹೇಳ್ತಿದಾಳೆ, ನಿಲ್ಸು ನಿಲ್ಸು ಅಂತ!”

“ಯಾವ ಹುಡುಗಿ ಅಜ್ಜಿ?”

“ಮುಂದೆ ಕೂತಿದಾಳಲ್ಲ! ಹೊಟ್ಟೆ ಹಿಡ್ಕೊಂಡು... ಅಯ್ಯೋ, ಅವಳನ್ನ ಇಳಿಸಿದ್ರೋ ಇಲ್ವೋ?”

ಸೆವೆರೊ ತಿರುಗಿ ನೋಡಿದ. ನೀರಿನ ಮಧ್ಯೆ ಗಾಡಿ. ಮುಂದಿನ ಸೀಟಲ್ಲಿ ಹಿಟ್ಟಿನ ಮೂಟೆ.

ಅವನು ಆ ರಾತ್ರಿ ಎಲಾದಿಯೊ ಬಾಗಿಲು ತಟ್ಟಿದ. ಸೊಂಟದವರೆಗೆ ಕೆಸರು. ಆ ಸೊಟ್ಟ ಕವೆ ಚೀಲದಲ್ಲೇ ಇಟ್ಕೊಂಡು ಓಡಾಡ್ತಿದ್ದ. ತೆಗೆದು ನೆಲಕ್ಕೆ ಹಾಕಿದ. ಠಣ್ ಅಂತು.

“ಇದು ಸುಳ್ಳಾ?”

ಎಲಾದಿಯೊ ಬಗ್ಗಿ ಅದನ್ನ ಎತ್ತಿಕೊಂಡ.

“ಅವಳು ಅಲ್ಲಿದಾಳಾ?”

ಎಲಾದಿಯೊ ಒರೆಸಿಕೊಳ್ಳೋಕೆ ಬಟ್ಟೆ ಚಾಚಿದ.

“ಭಾವ. ಅವಳು ಅಲ್ಲಿದಾಳಾ? ನಿನಗೂ ಕೇಳಿಸಿದೆಯಾ?”

“ಕೇಳಿಸಿದೆ.”

“ಏನಂತಾಳೆ?”

ಎಲಾದಿಯೊ ಹೇಳಿದ. ನಿಲ್ಸು. ಕಾಲೆತ್ತು. ನ್ಯೂಟ್ರಲ್‌ಗೆ ತಾ. ಒಂದು ಗೇಣು ಹಿಂದಕ್ಕೆ ಬಿಡು. ಒಂದೊಂದೇ ಹೇಳಿದ. ಕೇಳ್ತಾ ಕೇಳ್ತಾ ಸೆವೆರೊ ನೆಲದ ಮೇಲೆ ಕೂತ. ಅವನಿಗೆ ಎಲ್ಲ ನೆನಪಿತ್ತು. ವರ್ಷಪೂರ್ತಿ ನೆನಪಿತ್ತು.

“ಹೇಳಿದ್ಲು,” ಅಂದ. “ಅವತ್ತೂ ಇದನ್ನೇ ಹೇಳಿದ್ಲು. ನಾನು... ಬಾಯಿ ಮುಚ್ಚು ಅಂದೆ. ನಿಂಗೇನೇ ಗೊತ್ತು, ಬಾಯಿ ಮುಚ್ಚು ಅಂತ ಕಿರುಚಿದೆ. ಆಮೇಲೆ ಅವಳು ಮಾತಾಡಲಿಲ್ಲ ಭಾವ. ಬೆಳಗ್ಗೆವರೆಗೂ. ಕೋಪ ಮಾಡ್ಕೊಂಡಿದಾಳೆ ಅಂದ್ಕೊಂಡೆ. ಕೋಪ ಇಳಿದ್ಮೇಲೆ ಮಾತಾಡ್ತಾಳೆ ಅಂದ್ಕೊಂಡೆ.”

ಎಲಾದಿಯೊ ಕೈಗೆ ಹತ್ತಿರದಲ್ಲಿ ಒಂದು ದೊಡ್ಡ ಪಾನಾ ಇತ್ತು. ತಗೊಂಡ. ನನ್ನಾಣೆ, ಅವನೇ ನನಗೆ ಹೇಳಿದ್ದು, ತಗೊಂಡು ಎತ್ತಿದ. ಸೆವೆರೊ ತಲೆ ಬಗ್ಗಿಸಿ ಕೂತ, ಹೊಡಿ ಅನ್ನೋ ಹಾಗೆ. ಹೊರಗೆ ಮಳೆನೀರು ತಗಡಿಂದ ತೊಟ್ಟಿಕ್ತಿತ್ತು... ಟಪ್... ಟಪ್...

ಪಾನಾ ಕೆಳಗಿಟ್ಟ ಎಲಾದಿಯೊ. ಕಣ್ಣೊರೆಸಿಕೊಂಡ.

“ಗಾಡಿ ಎಲ್ಲಿದೆ?”

“ಹಳ್ಳದಲ್ಲೇ.”

“ಏಳು.”

ಅವರು ಹೋಗೋ ಹೊತ್ತಿಗೆ ಪೂರ್ವದಲ್ಲಿ ಬೂದಿ ಬಣ್ಣ. ನೀರು ಇಳಿದಿತ್ತು, ನಮ್ಮ ಹಳ್ಳಗಳು ಗೊತ್ತಲ್ಲ, ಬಂದ ಹಾಗೇ ಹೋಗ್ತವೆ. ಗಾಡಿ ಅಚ್ಚಿನವರೆಗೆ ಕೆಸರಲ್ಲಿ. ಸೆವೆರೊ ತನ್ನ ಜಾಗದಲ್ಲಿ ಕೂತ. ಎಲಾದಿಯೊ ಪಕ್ಕದ ಬಾಗಿಲು ತೆಗೆದ, ಹಿಟ್ಟಿನ ಮೂಟೆ ಹೊರಗೆ ಎಳೆದು ಹಾಕಿದ. ಆ ಸೀಟಲ್ಲಿ ಕೂರಲಿಲ್ಲ. ಬಾಗಿಲು ಮೆತ್ತಗೆ ಮುಚ್ಚಿ ಹಿಂದೆ ಹೋಗಿ ಕೂತ.

ಎಂಜಿನ್ ಕೆಮ್ಮಿತು. ಕೆಮ್ಮಿ ಕೆಮ್ಮಿ ಹತ್ತಿತು. ಸೆವೆರೊ ಕಾಲು ಆಗಲೇ ಒತ್ತೋಕೆ ಶುರು ಮಾಡಿತ್ತು. ಗರ್ರ್ರ್...

“ನಿಲ್ಸು...” ಅಂತು ಮುಂದಿನ ಸೀಟು.

“ನಿಲ್ಸು ಅಂತಿದಾಳೆ,” ಅಂದ ಎಲಾದಿಯೊ.

ಸೆವೆರೊ ಖಾಲಿ ಸೀಟಿನ ಕಡೆ ತಿರುಗಿದ. ನಿಲ್ಲಿಸಿದ.

“ಕಾಲೆತ್ತು...”

“ಕಾಲೆತ್ತು ಅಂತಿದಾಳೆ.”

ಎತ್ತಿದ. ಗಾಲಿ ನಿಂತ್ವು.

“ನ್ಯೂಟ್ರಲ್‌ಗೆ ತಾ...”

“ನ್ಯೂಟ್ರಲ್‌ಗೆ.”

“ಒಂದು ಗೇಣು ಹಿಂದಕ್ಕೆ ಬಿಡು...”

“ಹಿಂದಕ್ಕೆ. ಒಂದು ಗೇಣು, ಸಾಕು ಅಂತಾಳೆ. ಸಾಕು.”

“ಹಾಂ... ಈಗ...”

“ಈಗ ಹಾಕೋ.” ಎಲಾದಿಯೊ ಮುಂದಕ್ಕೆ ಬಗ್ಗಿದ. “ಈಗ ಹಾಕಪ್ಪ.”

ಟಕ್.

ಇಷ್ಟೇ ಸಣ್ಣ ಸದ್ದು. ಗಾಡಿ ನಿಧಾನಕ್ಕೆ ಕೆಸರಿಂದ ಎದ್ದು ದಡ ಹತ್ತಿತು. ಮೇಲೆ ಬಂದು ನಿಂತಾಗ ಅವಳು ಇನ್ನೊಂದು ಮಾತು ಅಂದ್ಲು. ಆ ಮಾತಲ್ಲಿ ನೋವಿನ ಉಸಿರು ಇರಲಿಲ್ಲವಂತೆ. ಮಾಮೂಲಿ ದನಿ. ಅಡುಗೆಮನೆಯಿಂದ ಮಾತಾಡಿದ ಹಾಗೆ.

“ಏನಂದ್ಲು? ಭಾವ, ಏನೋ ಅಂದ್ಲಲ್ಲ, ನಿನ್ನ ಮುಖ ನೋಡಿದೆ ನಾನು. ಏನಂದ್ಲು?”

“ನೋಡು, ಅಷ್ಟೇ ಇತ್ತು... ಅಂದ್ಲು.”

ಬಿಸಿಲು ಬರೋವರೆಗೂ ಇಬ್ಬರೂ ಅಲ್ಲೇ ಕೂತಿದ್ರು.

ಇಲ್ಲಿಗೆ ಮುಗೀಬೇಕಿತ್ತು ಅಲ್ವಾ? ಅವಳ ಮಾತು ಕೇಳಿದ, ಅವಳು ಹೋದ್ಲು. ನಾನೂ ಹಾಗೇ ಅಂದ್ಕೊಂಡಿದ್ದೆ.

ಆದ್ರೆ ಸೆವೆರೊ ದಿನಾ ಸಂಜೆ ಕತ್ತೆಹಳ್ಳಕ್ಕೆ ಹೋಗೋಕೆ ಶುರು ಮಾಡಿದ. ಒಣ ಮರಳಿಗೆ ಗಾಡಿ ಇಳಿಸ್ತಿದ್ದ. ಬೇಕಂತ ಹೂತು ಹಾಕ್ತಿದ್ದ. ಬೇಕಂತ, ಗಾಲಿ ತಿರುಗಿಸ್ತಾ, ಚಿಕ್ಕ ಲಿವರ್ ಜಗ್ತಿದ್ದ. ಗರ್ರ್ರ್... ಕರಕರಕರ... ಕಟ್. ನಿಲ್ಸಿ, ಪಕ್ಕಕ್ಕೆ ತಿರುಗಿ ಕಾಯ್ತಿದ್ದ. ಮತ್ತೆ ಗರ್ರ್ರ್. ಆಡು ಮೇಯಿಸೋರು ಸಿಕ್ಕಿದ್ರೆ ಕರೀತಿದ್ದ. “ಬನ್ನಿ, ಒಂದು ನಿಮಿಷ. ಇಲ್ಲಿ ನಿಂತ್ಕೊಳ್ಳಿ. ಏನಾದ್ರೂ ಕೇಳಿಸ್ತಾ?” ಇಲ್ಲಪ್ಪ ಅಂತಿದ್ರು ಅವರು. ಎಲಾದಿಯೊನ ಕೈಮುಗಿದು ಕರ್ಕೊಂಡು ಹೋದ. ಎಲಾದಿಯೊಗೂ ಕೇಳಿಸಲಿಲ್ಲ.

“ಸರಿಯಾಗಿ ಹಾಕಬಾರದಿತ್ತು ಭಾವ,” ಅಂದನಂತೆ. “ತಪ್ಪು ಮಾಡ್ತಾನೇ ಇದ್ದಿದ್ರೆ ಅವಳು ಹೇಳ್ತಾನೇ ಇರ್ತಿದ್ಲು. ನನಗೆ ಕೇಳಿಸದಿದ್ರೂ ಪಕ್ಕದಲ್ಲಿ ಇರ್ತಿದ್ಲು.”

ಇದಕ್ಕೆ ಏನು ಹೇಳ್ತೀರಿ ನೀವು?

ತಿಂಗಳುಗಟ್ಟಲೆ ಹೀಗೇ. ಗಾಳಿ ಆ ಕಡೆಯಿಂದ ಬೀಸಿದ್ರೆ ಇಲ್ಲಿಗೂ ಕೇಳಿಸ್ತಿತ್ತು. ಒಂದು ಸಂಜೆ ದೊಡ್ಡಮ್ಮ ಎದ್ಲು. ಯಾರು ಹೇಳಿದ್ರೋ, ಎಷ್ಟು ಗೊತ್ತಿತ್ತೋ, ನನಗೆ ಗೊತ್ತಿಲ್ಲ. ಮಾವಂದಿರಿಗೆ ಅವಳು ಯಾವತ್ತೂ ಒಂದು ಮಾತು ಹೇಳಿಲ್ಲ. ತಲೆಗೆ ಬಟ್ಟೆ ಕಟ್ಕೊಂಡು ಹೊರಟ್ಲು, ನಾನು ಹಿಂದೆ ಹಿಂದೆ ಹೋದೆ. ಹಳ್ಳಕ್ಕೆ ಇಳಿದು ಗಾಡಿ ಹತ್ರ ನಿಂತ್ಲು. ಸೆವೆರೊ ಎಂಜಿನ್ ಆರಿಸಿದ.

“ಮಗನೇ,” ಅಂದ್ಲು. “ನನ್ನ ಮಗಳು ಒಂದು ಮಾತು ಎರಡು ಸಲ ಹೇಳೋಳಲ್ಲ. ನನಗೇ ಹೇಳ್ತಿರಲಿಲ್ಲ. ನಿನಗೆ ವರ್ಷವಿಡೀ ಹೇಳಿದಾಳೆ. ಸಾಕು. ಅವಳಿಗೆ ಸುಸ್ತಾಗಿದೆ.”

ಕೈ ಚಾಚಿದ್ಲು. ಸೆವೆರೊ ಬೀಗದಕೈ ಕೊಟ್ಟ. ಅತ್ತೆ ಕೈಗೆ ಕೊಟ್ಟು, ಆ ಕೈ ಬಿಡಲಾರದೆ ಹಾಗೇ ಹಿಡ್ಕೊಂಡು ನಿಂತ. ದೊಡ್ಡಮ್ಮನೂ ಬಿಡಿಸ್ಕೊಳ್ಳಲಿಲ್ಲ.

ಆ ವಾರವೇ ಅವನು ಮನೌರೆಗೆ ಹೊರಟುಹೋದ. ಉಪ್ಪಿನ ಗದ್ದೆ ಕೆಲಸಕ್ಕೆ. ಅಲ್ಲೇ ಇದಾನೆ. ಒಬ್ಬನೇ. ಇನ್ನೊಂದು ಮದುವೆ ಇಲ್ಲ. ಗಾಡಿ ಯಾವುದನ್ನೂ ಮುಟ್ಟಲ್ಲವಂತೆ, ಎಲ್ಲಿಗಾದ್ರೂ ನಡೆದೇ ಹೋಗ್ತಾನೆ.

ಗಾಡಿ ಎಲಾದಿಯೊ ಶೆಡ್ಡಿಗೆ ಬಂತು. ಪೆಟ್ಟಿಗೆ ಪುಡಿಯಾಗಿರುತ್ತೆ, ಬಿಡಿಭಾಗಕ್ಕಾದ್ರೂ ಆಗಲಿ ಅಂತ ಒಂದು ದಿನ ಬಿಚ್ಚಿದ. ಬಿಚ್ಚಿದವನು ಕೆಲಸ ಬಿಟ್ಟು ನನ್ನ ಕರೆಯೋಕೆ ಓಡಿಬಂದ. ನಾನು ರೊಟ್ಟಿ ತಟ್ತಿದ್ದೆ. ಕೈ ತೊಳೆಯೋಕೂ ಬಿಡಲಿಲ್ಲ.

ಹೋಗಿ ನೋಡಿದೆ. ಹಲ್ಲುಗಳೆಲ್ಲ ಹಾಗ್ಹಾಗೇ ಇದ್ವು. ಹೊಸ ಗಾಯ ಒಂದೂ ಇಲ್ಲ. ಎಣ್ಣೆ ಜೇನುತುಪ್ಪದ ಬಣ್ಣ. ತಳದ ಬೋಲ್ಟಿಗೆ ಒಂದು ಸಣ್ಣ ಅಯಸ್ಕಾಂತ ಇರುತ್ತೆ, ಸವೆದು ಉದುರಿದ ಕಬ್ಬಿಣ ಹಿಡ್ಕೊಳ್ಳೋಕೆ. ಒಳ್ಳೇ ಗಾಡಿಯಲ್ಲೂ ಅದರ ಮೇಲೆ ಒಂದಿಷ್ಟು ಕಪ್ಪು ಪುಡಿ ಕೂತಿರುತ್ತೆ, ಮೀಸೆ ಹಾಗೆ. ತಿಂಗಳುಗಟ್ಟಲೆ ಕರಕರ ಅಂದ ಈ ಪೆಟ್ಟಿಗೆಯಲ್ಲಿ ಅಂಗೈ ತುಂಬ ಇರಬೇಕಿತ್ತು. “ಮುಟ್ಟಿ ನೋಡು,” ಅಂದ ಎಲಾದಿಯೊ.

ಮುಟ್ಟಿದೆ. ಈ ಬೆರಳಲ್ಲೇ. ಉಜ್ಜಿ ನೋಡಿದೆ, ದೀಪಕ್ಕೆ ಹಿಡಿದು ನೋಡಿದೆ.

ಬೆರಳಿಗೆ ಇದ್ದದ್ದು ನನ್ನ ಕೈಯ ಜೋಳದ ಹಿಟ್ಟು ಮಾತ್ರ. ಅಯಸ್ಕಾಂತ ಪಾನಾ ಹಿಡಿದು ಬೆಳೆದ ಕೈಯೊಂದು ತೊಳೆದಿಟ್ಟ ಹಾಗಿತ್ತು. ಯಾರೋ ಹೇಳಿದ್ದಲ್ಲ ಇದು, ನಾನು ಮುಟ್ಟಿದ್ದು.